ಅಟ್ಟದ ಗೇಮು, ಗೋಡೆಯ ಟಿವಿ

ರಜೆಯಲ್ಲಿ ಅಟ್ಟ ಗುಡಿಸುವಾಗ ಕೆಲವು ಮನೆಗಳಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕೈಗೆ ಸಿಗುತ್ತದೆ. ತೆರೆದರೆ ಪ್ಲಾಸ್ಟಿಕ್ಕಿನ ಒಂದು ಯಂತ್ರ, ವೈರು ಸುತ್ತಿಟ್ಟ ಎರಡು ಜಾಯ್‌ಸ್ಟಿಕ್ಕು, ಒಂದು ಆಟಿಕೆ ಪಿಸ್ತೂಲು, ಹಳದಿ ಬಣ್ಣದ ನಾಲ್ಕಾರು ಕ್ಯಾಸೆಟ್ಟು. ಈಗ ನಲವತ್ತರ ಆಸುಪಾಸಿನಲ್ಲಿರುವ ಅಪ್ಪ-ಅಮ್ಮಂದಿರು ಅದನ್ನು ಕಂಡ ಕೂಡಲೇ ಪೊರಕೆ ಬಿಟ್ಟು ಕೂತುಬಿಡುತ್ತಾರೆ. ‘ಹಾಕಿ, ಹಾಕಿ’ ಎಂದು ಮಕ್ಕಳು ಕುಣಿಯುತ್ತಾರೆ. ಹೇಗೋ ಮಾಡಿ ಗೋಡೆಯ ಮೇಲಿನ ದೊಡ್ಡ ಟಿವಿಗೆ ಜೋಡಿಸಿದರೆ ಬರುವುದೇನು? ಮಳೆಯಲ್ಲಿ ನೆನೆದ ಕ್ಯಾಲೆಂಡರಿನಂಥ ಚಿತ್ರ. ಮಾರಿಯೋ ಅಡ್ಡಡ್ಡ ಊದಿಕೊಂಡಿರುತ್ತಾನೆ. ಬಣ್ಣಗಳ ಅಂಚಿನಲ್ಲಿ ಇರುವೆಸಾಲಿನಂತೆ ಏನೋ ಹರಿದಾಡುತ್ತದೆ. ಗುಂಡಿ ಒತ್ತಿದರೆ ಅವನು ಸ್ವಲ್ಪ ಯೋಚನೆ ಮಾಡಿ ಆಮೇಲೆ ಹಾರುತ್ತಾನೆ. ಅಷ್ಟು ಹೊತ್ತಿಗೆ ಅವನು ಹಳ್ಳದಲ್ಲಿರುತ್ತಾನೆ.

‘ಹಳೇ ಸಾಮಾನು, ಕೆಟ್ಟುಹೋಗಿದೆ’ ಎಂದು ತೀರ್ಪು ಕೊಟ್ಟು ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುಂಚೆ ಎರಡು ನಿಮಿಷ ನನ್ನ ಮಾತು ಕೇಳಿ. ಯಂತ್ರ ಸರಿಯಾಗಿಯೇ ಇರಬಹುದು. ಯಂತ್ರದಿಂದ ಪರದೆಗೆ ಚಿತ್ರ ಬರುವ ದಾರಿಯನ್ನು ಒಮ್ಮೆ ನೋಡಬೇಕು.

ಈ ಯಂತ್ರಗಳ ಮೂಲಪುರುಷ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್. ನಮ್ಮ ಕಡೆ ಸಮುರಾಯ್, ಮೀಡಿಯಾ, ಲಿಟ್ಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ಈ ಬಗೆಯ ಆಟದ ಪೆಟ್ಟಿಗೆಗಳು ಬಂದವು. ಆಗ ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಹಬ್ಬದ ಮುಂಗಡ ತೆಗೆದು ಮಗನಿಗೆ ಒಂದು ಪೆಟ್ಟಿಗೆ ಕೊಡಿಸಿದ್ದೆ. ಪಕ್ಕದ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ 1970ರಿಂದಲೇ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅಂದರೆ ಊರಿನವರು ಟಿವಿ ನೋಡುವುದಕ್ಕೆ ಹತ್ತು ವರ್ಷ ಮೊದಲೇ ಅದರ ಗಾಜಿನ ಬುರುಡೆ ನಮ್ಮ ನೆರೆಯಲ್ಲೇ ಹುಟ್ಟುತ್ತಿತ್ತು.

ಆ ಬುರುಡೆ ಚಿತ್ರ ಬಿಡಿಸುತ್ತಿದ್ದ ರೀತಿಯೇ ಬೇರೆ. ಹಿಂಬದಿಯಿಂದ ಎಲೆಕ್ಟ್ರಾನುಗಳ ಕಿರಣವೊಂದು ಗಾಜಿನ ಒಳಮೈಮೇಲೆ, ನೇಗಿಲು ಹೊಲದಲ್ಲಿ ಸಾಲು ಹೊಡೆದ ಹಾಗೆ, ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ಸೆಕೆಂಡಿಗೆ 50 ಸಲ ಹೊಲ ಉತ್ತು ಮುಗಿಸುತ್ತದೆ. ಗೆರೆ ಬಂದ ಕ್ಷಣವೇ ಬೆಳಕು. ಕಾದಿಡುವುದಿಲ್ಲ, ತಿದ್ದುವುದಿಲ್ಲ.

ಈಗಿನ ಟಿವಿ ಹಾಗಲ್ಲ. ಅದರಲ್ಲಿ ಎಣಿಸಿಟ್ಟ ಚುಕ್ಕಿಗಳಿವೆ. ಫುಲ್ ಎಚ್‌ಡಿ ಟಿವಿಯಾದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಹಳೆಯ ಗೇಮಿನ ಚಿತ್ರದಲ್ಲಿರುವುದು ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿ ಮಾತ್ರ. ಮಕ್ಕಳೇ, ಗುಣಿಸಿ ನೋಡಿ: ಒಂದು ಕಡೆ 61,440, ಇನ್ನೊಂದು ಕಡೆ 20,73,600. ಸುಮಾರು 34 ಪಟ್ಟು! ಹೊಸ್ತಿಲಿನ ಮುಂದಿನ ಪುಟ್ಟ ಚುಕ್ಕಿ ರಂಗೋಲಿಯನ್ನು ಇಡೀ ಬೀದಿಗೆ ಹಿಗ್ಗಿಸಿ ಬಿಡಿಸು ಎಂದರೆ ಏನು ಮಾಡುತ್ತೀರಿ? ನಡುನಡುವೆ ನೀವೇ ಊಹಿಸಿ ತುಂಬಬೇಕು. ಟಿವಿ ಅದನ್ನೇ ಮಾಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಹಳೆಯ ಗೇಮು ಪ್ರತಿ ಸಲವೂ ಅವೇ ಸಾಲುಗಳ ಮೇಲೆ ಪೂರ್ತಿ ಚಿತ್ರ ಕಳಿಸುತ್ತದೆ. ಹೊಸ ಟಿವಿ ಅನೇಕ ವೇಳೆ ಅದನ್ನು ‘ಅರ್ಧ ಚಿತ್ರ, ಉಳಿದರ್ಧ ಹಿಂದೆ ಬರುತ್ತಿದೆ’ ಎಂದು ತಿಳಿದು ಎರಡನ್ನು ಸೇರಿಸಿ ಹೆಣೆಯುತ್ತದೆ. ಓಡುವ ಮಾರಿಯೋನ ಬೆನ್ನಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೀರು ಕಾಣುವುದು ಅದಕ್ಕೇ.

ಇನ್ನು ವೈರಿನ ವಿಷಯ. ಬ್ಯಾಂಕಿನಲ್ಲಿ ಒಂದು ಚೆಕ್ಕು ಎಷ್ಟು ಕೈ ದಾಟಿತೋ ಅಷ್ಟು ಸೀಲು, ಅಷ್ಟು ಗೀಟು ಬೀಳುತ್ತಿತ್ತು. ಚಿತ್ರಕ್ಕೂ ಹಾಗೆಯೇ. ಹಳೆಯ ಆಂಟೆನಾ ವೈರಿನಲ್ಲಿ ಗೇಮು ತನ್ನ ಚಿತ್ರವನ್ನೂ ಸದ್ದನ್ನೂ ಒಂದು ಪುಟ್ಟ ಟಿವಿ ಸ್ಟೇಷನ್ನಿನಂತೆ ರೇಡಿಯೋ ಅಲೆಯ ಮೇಲೆ ಹೇರಿ ಕಳಿಸುತ್ತದೆ. ಟಿವಿ ಅದನ್ನು ಇಳಿಸಿಕೊಳ್ಳಬೇಕು. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ನಿಮ್ಮ ಪೆಟ್ಟಿಗೆಯ ಬದಿಯಲ್ಲೋ ಹಿಂದೆಯೋ ಹಳದಿ ತೂತು ಇದ್ದರೆ ಆಂಟೆನಾ ವೈರನ್ನು ಮರೆತುಬಿಡಿ. ಹಳದಿಯಲ್ಲಿ ಚಿತ್ರ, ಬಿಳಿ-ಕೆಂಪಿನಲ್ಲಿ ಸದ್ದು. ಆದರೆ ಹಳದಿ ವೈರು ಒಂದರಲ್ಲೇ ಬೆಳಕೂ ಬಣ್ಣವೂ ಒಟ್ಟಿಗೆ ಬರುತ್ತವೆ. ಅಕ್ಕಿ-ಬೇಳೆ ಬೆರೆಸಿ ಒಂದೇ ಚೀಲದಲ್ಲಿ ಕಳಿಸಿದ ಹಾಗೆ. ಆರಿಸಿ ಬೇರೆ ಮಾಡುವಾಗ ಒಂದಿಷ್ಟು ಆಚೀಚೆ ಉಳಿದುಬಿಡುತ್ತದೆ. ಆಗಲೇ ಹೇಳಿದ ಇರುವೆಸಾಲು ಅದೇ.

ಇದಕ್ಕಿಂತ ಉತ್ತಮ, ಚಿತ್ರಕ್ಕೇ ಮೂರು ವೈರು ಇರುವ ಕಾಂಪೊನೆಂಟ್ ಜೋಡಣೆ. ಹಸಿರಿನಲ್ಲಿ ಬೆಳಕು, ನೀಲಿ ಮತ್ತು ಕೆಂಪಿನಲ್ಲಿ ಬಣ್ಣದ ಲೆಕ್ಕ. ನಮ್ಮ ಮಾರಿಯೋ ಪೆಟ್ಟಿಗೆಗಳಲ್ಲಿ ಈ ಸೌಕರ್ಯವಿಲ್ಲ. ಆದರೆ 2000ದಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 2ರಲ್ಲಿ ಇದೆ. ಆ ಯಂತ್ರ ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಅದಕ್ಕೆ ಬೇಕಾದ ಐದು ಪಿನ್ನಿನ ವೈರು ಪ್ರತ್ಯೇಕವಾಗಿ ಕೊಳ್ಳಬೇಕು. ಐದರಲ್ಲಿ ಎರಡು ಪಿನ್ನು ಕೆಂಪು. ಒಂದು ಚಿತ್ರದ್ದು, ಒಂದು ಸದ್ದಿನದ್ದು. ನೀಲಿ-ಹಸಿರಿನ ಜೊತೆ ಕಟ್ಟಿರುವುದು ಚಿತ್ರದ ಕೆಂಪು. ಜೋಡಿಸುವ ಮೊದಲೇ ಯಂತ್ರದ ಸಿಸ್ಟಂ ಕಾನ್ಫಿಗರೇಷನ್ ಪಟ್ಟಿಗೆ ಹೋಗಿ, ‘ಕಾಂಪೊನೆಂಟ್ ವಿಡಿಯೋ ಔಟ್’ ಎಂಬಲ್ಲಿ ಆರ್‌ಜಿಬಿ ಬದಲು ವೈ ಅಕ್ಷರದಿಂದ ಶುರುವಾಗುವುದನ್ನು ಆರಿಸಿ. ಇಲ್ಲದಿದ್ದರೆ ಬಣ್ಣವೆಲ್ಲ ಅಡ್ಡಾದಿಡ್ಡಿ ಆಗುತ್ತದೆ. ಹಳದಿ ವೈರಿಗೂ ಇದಕ್ಕೂ ಇರುವ ವ್ಯತ್ಯಾಸ ಕನ್ನಡಕ ಒರೆಸಿ ಹಾಕಿಕೊಂಡಷ್ಟು.

ಈಚಿನ ಟಿವಿಗಳಲ್ಲಿ ಹಳದಿ ತೂತೇ ಇಲ್ಲ ಎಂದು ಗಾಬರಿಯಾಗಬೇಡಿ. ಹಸಿರು ತೂತಿನ ಸುತ್ತ ಅರ್ಧ ಹಳದಿ ಬಳಿದಿದ್ದರೆ ಅಥವಾ ಪಕ್ಕದಲ್ಲಿ ‘ಎವಿ’ ಎಂದು ಬರೆದಿದ್ದರೆ ಹಳದಿ ಪಿನ್ನನ್ನು ಅಲ್ಲಿಗೇ ಹಾಕಬೇಕು. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಕಾಂಪೊನೆಂಟ್ ಬದಲು ಎವಿ ಆರಿಸಿ. ಇನ್ನು ಕೆಲವು ಟಿವಿಗಳಲ್ಲಿ ಇಯರ್‌ಫೋನಿನಂಥ ಸಣ್ಣ ತೂತು ಮಾತ್ರ ಇರುತ್ತದೆ. ಅದಕ್ಕೊಂದು ಗಿಡ್ಡ ವೈರು ಬೇಕು. ಕಂಪನಿಯಿಂದ ಕಂಪನಿಗೆ ಅದರ ಒಳಜೋಡಣೆ ಬೇರೆ, ಹಾಗಾಗಿ ಆ ಟಿವಿಯದ್ದನ್ನೇ ಕೇಳಿ ತನ್ನಿ.

ಯಾವ ತೂತೂ ಇಲ್ಲದಿದ್ದರೆ ಹಳದಿ ವೈರನ್ನು ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿಯಿರಿ. ಪೀಣ್ಯದವರಿಗೆ ಬದಲಿಸುವ ಕೆಲಸವೂ ಇಲ್ಲ. ಈ ಡಬ್ಬಿಗೆ ಯುಎಸ್‌ಬಿ ವೈರಿನಿಂದ ಕರೆಂಟು ಕೊಡಬೇಕು, ಮರೆಯಬೇಡಿ. ಡಬ್ಬಿಯ ಮೇಲೆ 1080 ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಹೆಚ್ಚು ಆಸೆಪಡಬೇಡಿ. ಹಳದಿ ವೈರಿನಲ್ಲಿ ಕಲಸಿಹೋದದ್ದನ್ನು ಅದು ಮತ್ತೆ ಬಿಡಿಸಿಕೊಡಲಾರದು. ಟಿವಿಯಲ್ಲಿ ಎವಿ ತೂತು ಇದ್ದರೆ ಮೊದಲು ನೇರವಾಗಿ ಜೋಡಿಸಿ ನೋಡುವುದೇ ಸರಿ. ನಡುವೆ ಇನ್ನೊಂದು ಕೈ ಯಾಕೆ?

ಅಮೆರಿಕದಿಂದ ಮಗಳೋ ಅಳಿಯನೋ ತಂದ ಹಳೆಯ ಗೇಮಿದ್ದರೆ ಒಂದು ಎಚ್ಚರಿಕೆ. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್, ನಮ್ಮದು 230. ಅಡಾಪ್ಟರಿನ ಮೇಲೆ ‘100-240’ ಎಂದು ಬರೆಯದಿದ್ದರೆ ಗೋಡೆಗೆ ಸಿಕ್ಕಿಸಬೇಡಿ, ಸುಟ್ಟುಹೋಗುತ್ತದೆ.

ವೈರು ಸರಿಯಾಯಿತು. ಉಳಿದದ್ದು ಟಿವಿಯ ರಿಮೋಟಿನಲ್ಲಿದೆ, ಖರ್ಚಿಲ್ಲದ ಕೆಲಸ. ಚಿತ್ರದ ಆಕಾರವನ್ನು 16:9 ಬದಲು 4:3 ಮಾಡಿ. ಎಡಬಲದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಮಾರಿಯೋ ತೆಳ್ಳಗಾಗುತ್ತಾನೆ. ‘ಶಾರ್ಪ್‌ನೆಸ್’ ಕಡಿಮೆ ಮಾಡಿ. ಹೆಸರು ಕೇಳಿದರೆ ಏರಿಸಬೇಕು ಅನ್ನಿಸುತ್ತದೆ, ಆದರೆ ಅದು ಅಂಚಿಗೆ ಬಿಳಿ ಗೆರೆ ಎಳೆಯುವುದು ಬಿಟ್ಟು ಹೊಸದೇನನ್ನೂ ತೋರಿಸುವುದಿಲ್ಲ. ‘ವಿವಿಡ್’ ಎಂಬ ಕಣ್ಣು ಕುಕ್ಕುವ ಬಣ್ಣ ಅಂಗಡಿಯಲ್ಲಿ ಗಿರಾಕಿ ಹಿಡಿಯಲು ಇರುವಂಥದ್ದು. ಕಣ್ಣಿನ ಪೊರೆ ತೆಗೆಸಿಕೊಂಡ ನನ್ನಂಥವರಿಗೆ ಅದು ಹಿಂಸೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಗೇಮ್ ಮೋಡ್’. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ನನ್ನ ಮಾನದ ಪ್ರಶ್ನೆ ಇತ್ತು. ವೈಟ್‌ಫೀಲ್ಡಿನ ಮಗನ ಮನೆಯಲ್ಲಿ ಮೊಮ್ಮಗಳ ಜೊತೆ ಆಡಲು ಕೂತರೆ ಮೊದಲ ಹಳ್ಳಕ್ಕೇ ನಾನು ಬೀಳುತ್ತಿದ್ದೆ. ಒಂದು ದಿನವಲ್ಲ, ಒಂದು ವಾರ. ‘ಅಜ್ಜಂಗೆ ಬೆರಳು ಓಡಲ್ಲ’ ಎಂದು ಅವಳು ಅಜ್ಜಿಗೆ ವರದಿ ಒಪ್ಪಿಸಿದಳು. ಆಮೇಲೆ ನನ್ನ ಮನಸ್ಸಿಗೆ ನೋವಾಗಬಾರದೆಂದು ಬೇಕೆಂದೇ ತಾನೂ ಬೀಳತೊಡಗಿದಳು. ಅದು ಮೊದಲಿನದಕ್ಕಿಂತ ಹೆಚ್ಚು ಚುಚ್ಚಿತು. ಮೂವತ್ತು ವರ್ಷ ನೋಟಿನ ಕಂತೆ ಎಣಿಸಿದ ಬೆರಳು ಇದು!

ಹೊಸ ಟಿವಿ ಬಂದ ಚಿತ್ರವನ್ನು ಕೂಡಲೇ ತೋರಿಸುವುದಿಲ್ಲ. ಹಿಡಿದಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ನಡುವೆ ಹೊಸ ಚಿತ್ರ ಸೇರಿಸಿ ಚಲನೆಯನ್ನು ನಯ ಮಾಡಿ ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಸದ್ದನ್ನೂ ಅಷ್ಟೇ ತಡಮಾಡುವುದರಿಂದ ನಮಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಮಾತ್ರ ನಾವು ನೋಡುವುದು ಆಗಲೇ ಕಳೆದುಹೋದ ಕ್ಷಣ. ಗೇಮ್ ಮೋಡ್ ಹಾಕಿದರೆ ಈ ತಿದ್ದುಪಡಿಗಳಲ್ಲಿ ಹೆಚ್ಚಿನವು ನಿಲ್ಲುತ್ತವೆ. ಇಂದಿನ ಗೇಮ್ ಯಂತ್ರಗಳು ಎಚ್‌ಡಿಎಂಐ ಮೂಲಕ ‘ಆಟ ಶುರುವಾಗಿದೆ’ ಎಂದು ಟಿವಿಗೆ ತಾವೇ ತಿಳಿಸಬಲ್ಲವು. ಹಳದಿ ವೈರಿಗೆ ಆ ಭಾಷೆ ಬಾರದು. ನಾವೇ ಕೈಯಿಂದ ಹಾಕಬೇಕು.

ಮಕ್ಕಳೇ, ಇದನ್ನು ಅಳೆದು ನೋಡಬಹುದು. ಅಪ್ಪನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದ್ದರೆ, ಜಾಯ್‌ಸ್ಟಿಕ್ಕೂ ಟಿವಿಯೂ ಒಟ್ಟಿಗೆ ಕಾಣುವಂತೆ ಹಿಡಿದು ಗುಂಡಿ ಒತ್ತಿ. ಬೆರಳು ಇಳಿದ ಚಿತ್ರದಿಂದ ಮಾರಿಯೋನ ಕಾಲು ನೆಲ ಬಿಟ್ಟ ಚಿತ್ರದವರೆಗೆ ಎಣಿಸಿ. ಒಂದೊಂದಕ್ಕೆ ಸುಮಾರು 4 ಮಿಲಿಸೆಕೆಂಡ್. ನಮ್ಮ ಮನೆಯಲ್ಲಿ ಮಾಮೂಲಿ ಮೋಡಿನಲ್ಲಿ 38 ಚಿತ್ರ, ಗೇಮ್ ಮೋಡಿನಲ್ಲಿ 14. ಮೊಮ್ಮಗಳೇ ಎಣಿಸಿದ್ದು, ಎರಡು ಸಲ. ವ್ಯತ್ಯಾಸ 24 ಚಿತ್ರ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಹಳ್ಳದ ಅಂಚಿನಲ್ಲಿ ಅಷ್ಟು ಸಾಕು. ಈಗಲೂ ನಾನು ಬೀಳುತ್ತೇನೆ. ಆದರೆ ಆ ಬೀಳುವಿಕೆ ನನ್ನ ಖಾತೆಯದೇ, ಟಿವಿಯ ಖಾತೆಯದನ್ನು ನನಗೆ ಯಾರೂ ಜಮಾ ಮಾಡುತ್ತಿಲ್ಲ.

ಹೊಸ ಯಂತ್ರದವರಿಗೂ ಒಂದೆರಡು ಮಾತು. ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ವೈರಿಗೆ ದುಡ್ಡು ಸುರಿಯಬೇಡಿ. ಅದರಲ್ಲಿ ಹೋಗುವುದು ಅಂಕಿಗಳು. ತಲುಪಿದರೆ ಪೂರ್ತಿ ತಲುಪುತ್ತವೆ, ಇಲ್ಲದಿದ್ದರೆ ಪರದೆಯಲ್ಲಿ ಕಿಡಿ ಹಾರುತ್ತದೆ ಅಥವಾ ಕತ್ತಲಾಗುತ್ತದೆ. ಪ್ಲೇಸ್ಟೇಷನ್ 5ರ ಜೊತೆ ಬಂದ ವೈರನ್ನೇ ಬಳಸಿ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಯಂತ್ರದಲ್ಲೂ ಟಿವಿಯಲ್ಲೂ ‘ಆರ್‌ಜಿಬಿ ರೇಂಜ್’ ಒಂದೇ ಆಗಿದೆಯೇ ನೋಡಿ. ಒಂದು ಕಪ್ಪನ್ನು 0 ಎಂದೂ ಇನ್ನೊಂದು 16 ಎಂದೂ ಬರೆದುಕೊಂಡರೆ ಲೆಡ್ಜರು ತಾಳೆಯಾಗುವುದು ಹೇಗೆ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆಯನ್ನೂ ಹೇಳಬೇಕು. ಚಿತ್ರ ಸ್ವಚ್ಛವಾದಷ್ಟೂ ಚೆಂದ ಎನ್ನುವಂತಿಲ್ಲ. 1991ರ ಸೋನಿಕ್ ಆಟದ ಜಲಪಾತವನ್ನು ಚಿತ್ರಕಾರರು ಒಂದು ಬಿಟ್ಟು ಒಂದು ಉದ್ದುದ್ದ ಗೆರೆಯಾಗಿ ಬಿಡಿಸಿದ್ದರು. ಹಳದಿ ವೈರಿನಲ್ಲಿ ಆ ಗೆರೆಗಳು ಕಲಸಿ ನಿಜವಾದ ನೀರಿನಂತೆ, ಹಿಂದಿನದೆಲ್ಲ ಕಾಣುವಂತೆ ಹೊಳೆಯುತ್ತಿತ್ತು. ಸ್ಪಷ್ಟ ವೈರಿನಲ್ಲಿ ನೋಡಿದರೆ ಬರೀ ಪಟ್ಟೆ ಪಟ್ಟೆ ಪರದೆ.

ಪಿಸ್ತೂಲಿನ ಕಥೆಯೂ ಹೀಗೆಯೇ. ಬಾತುಕೋಳಿ ಹೊಡೆಯುವ ಆಟದಲ್ಲಿ ಪಿಸ್ತೂಲಿನಿಂದ ಏನೂ ಹಾರುವುದಿಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಪಿಸ್ತೂಲಿನ ಮೂಗಿನಲ್ಲಿರುವ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿತು ಎಂದರ್ಥ. ಈ ಲೆಕ್ಕ ನಿಂತಿರುವುದು ಗಾಜಿನ ಬುರುಡೆಯ ತಕ್ಷಣದ ಬೆಳಕಿನ ಮೇಲೆ. ಹೊಸ ಟಿವಿಯ ಬೆಳಕು ತಡವಾಗಿ, ಬೇರೆ ಬಗೆಯಾಗಿ ಬರುತ್ತದೆ. ಎಷ್ಟು ಗುರಿಯಿಟ್ಟರೂ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಇದಕ್ಕೆ ಯಾವ ವೈರೂ, ಯಾವ ಮೋಡೂ ಮದ್ದಲ್ಲ. ಹಳೆಯ ಟಿವಿಯೇ ಬೇಕು.

ಹಾಗೆಂದು ಕೆಟ್ಟ ಹಳೆಯ ಟಿವಿಯ ಬೆನ್ನು ಬಿಚ್ಚಲು ಹೋಗಬೇಡಿ. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಬೀದಿಯ ಕಸಕ್ಕೂ ಹಾಕಬೇಡಿ. ಬಣ್ಣದ ಟಿವಿಯ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇರುತ್ತದೆ. ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಡಬೇಕು. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಂಥ ಒಂದು ಘಟಕವಿದೆ.

ನಮ್ಮ ಅಪಾರ್ಟ್‌ಮೆಂಟಿಗೂ ಇ-ತ್ಯಾಜ್ಯದ ಗಾಡಿ ಬರುತ್ತದೆ. ಈ ವರ್ಷ ಮೂರು ಸಲ ಬಂದು ಹೋಯಿತು. ಪೀಣ್ಯದ ಮನೆಯಿಂದ ತಂದ 21 ಇಂಚಿನ ಟಿವಿ ಇನ್ನೂ ಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲಿದೆ. ಮೊಮ್ಮಗಳು ಶನಿವಾರ ಶನಿವಾರ ಅಲ್ಲಿ ಬಾತುಕೋಳಿ ಹೊಡೆಯುತ್ತಾಳೆ. ಅವಳ ಅಜ್ಜಿ ಅವಳಿಗಿಂತ ಚೆನ್ನಾಗಿ ಹೊಡೆಯುತ್ತಾಳೆ.