ಕೂಗಿದ ಹಿಟ್ಟಿನ ಕೋಳಿ

ಉಳವಿ ಎಂದೊಡನೆ ಚೆನ್ನಬಸವಣ್ಣನವರ ಕ್ಷೇತ್ರವನ್ನು ನೆನೆಯುವವರೇ ಹೆಚ್ಚು. ನಾನು ಹೇಳುವುದು ಆ ಉಳವಿಯಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿ. ಅಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಕೇಳಿದ: “ಸಾರ್, ದೆವ್ವ ಇರಬೇಕು, ಕೊಲೆ ಇರಬೇಕು, ನಮ್ಮಂಥ ಹುಡುಗರೂ ಇರಬೇಕು. ಅಂಥ ಕಥೆ ಹಳಗನ್ನಡದಲ್ಲಿ ಇದೆಯೇ?” ಅವನ ಚೀಲದಿಂದ ಪತ್ತೇದಾರಿ ಕಾದಂಬರಿಯೊಂದು ಇಣುಕುತ್ತಿತ್ತು. ಗದರಿಸಲೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, “ಇದೆಯಪ್ಪ, ಎಂಟುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ” ಎಂದೆ. ಅಂದು ಹುಡುಗರಿಗೆ ಹೇಳಿದುದನ್ನೇ ಇಂದು ತಮ್ಮ ಮುಂದೆಯೂ ಇಡುತ್ತೇನೆ.

ಆ ಕಥೆ ಜನ್ನನ ‘ಯಶೋಧರ ಚರಿತೆ’. ರಚನೆಯಾದುದು ಕ್ರಿ. ಶ. 1209ರಲ್ಲಿ. ಜನ್ನನು ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡವನು. ಕೃತಿ ದೊಡ್ಡದಲ್ಲ, ನಾಲ್ಕು ಅವತಾರಗಳು, ಮುನ್ನೂರರ ಆಚೀಚೆ ಪದ್ಯಗಳು, ಹೆಚ್ಚಿನವು ಕಂದ. ಸಂಸ್ಕೃತದಲ್ಲಿ ಸೋಮದೇವನೂ ವಾದಿರಾಜನೂ ಮೊದಲೇ ಹೇಳಿದ್ದ ಕಥೆಯನ್ನು ಜನ್ನನು ಒಂದು ಮಾತೂ ಹೆಚ್ಚಾಗದಂತೆ ಕನ್ನಡದಲ್ಲಿ ಹೇಳಿದ್ದಾನೆ.

ಕಥೆ ಆರಂಭವಾಗುವುದೇ ಕತ್ತಿಯ ಅಲಗಿನ ಕೆಳಗೆ. ರಾಜಪುರದ ಅರಸು ಮಾರಿದತ್ತ. ಅಲ್ಲಿಯ ದೇವತೆ ಚಂಡಮಾರಿಗೆ ಜಾತ್ರೆ; ಕುರಿ ಕೋಣಗಳ ಜೊತೆಗೆ ನರಬಲಿಯೂ ಆಗಬೇಕು. ತಳವಾರ ಚಂಡಕರ್ಮನು ಎಳೆಯ ವಯಸ್ಸಿನ ಅಣ್ಣತಂಗಿಯರಿಬ್ಬರನ್ನು ಹಿಡಿದು ತರುತ್ತಾನೆ. ಅಭಯರುಚಿ, ಅಭಯಮತಿ ಎಂದು ಅವರ ಹೆಸರು. ತಂಗಿಗೆ ಧೈರ್ಯ ಹೇಳುತ್ತ ಬಂದ ಹುಡುಗ ಅರಸನ ಮುಂದೆ ಅಂಜದೆ ನಿಲ್ಲುತ್ತಾನೆ. ಅರಸನಿಗೆ ಅಚ್ಚರಿ. “ನೀವು ಯಾರು?” ಎಂದು ಕೇಳುತ್ತಾನೆ. ಹುಡುಗ ಹೇಳತೊಡಗುವುದು ತನ್ನ ಹಿಂದಿನ ಜನ್ಮದ ಕೊಲೆಯ ಕಥೆಯನ್ನು. ಕೊಲೆಯಾದವನೇ ಸಾಕ್ಷಿ ನುಡಿಯುವ ವಿಚಾರಣೆ ಯಾವ ಕಚೇರಿಯಲ್ಲಿ ನಡೆದೀತು?

ಉಜ್ಜಯಿನಿಯಲ್ಲಿ ಅವನೇ ಯಶೋಧರನೆಂಬ ಅರಸಾಗಿದ್ದ. ಇಂದಿನ ತಂಗಿ ಅಂದು ಅವನ ತಾಯಿ ಚಂದ್ರಮತಿ. ಒಂದು ರಾತ್ರಿ ರಾಣಿ ಅಮೃತಮತಿಯ ಕಿವಿಗೆ ಆನೆಯ ಮಾವುತನ ಹಾಡು ಬಿತ್ತು. ಅಷ್ಟಾವಂಕನೆಂಬ ಆ ಕುರೂಪಿಗೆ ಅವಳು ಮನಸ್ಸು ತೆತ್ತಳು. ಅರಸನು ಹಿಂಬಾಲಿಸಿ ಹೋಗಿ ಕಣ್ಣಾರೆ ಕಂಡ. ಕತ್ತಿಯನ್ನೆತ್ತಿ, ಮನಸ್ಸನ್ನು ತಡೆದುಕೊಂಡು ಹಿಂತಿರುಗಿದ. ಬೆಳಗ್ಗೆ ಮಗನ ಮುಖ ಬಾಡಿದುದನ್ನು ಕಂಡು ತಾಯಿ ಕಾರಣ ಕೇಳಿದಳು. ನಿಜವನ್ನು ಹೇಳಲಾರದೆ ಕೆಟ್ಟ ಕನಸೆಂದ. ಹಾಗಾದರೆ ದೇವಿಗೆ ಬಲಿ ಕೊಡು ಎಂದಳು ತಾಯಿ. ಮಗ ಒಪ್ಪಲಿಲ್ಲ. ಜೀವದ ಕೋಳಿ ಬೇಡ, ಹಿಟ್ಟಿನ ಕೋಳಿಯಾದರೂ ಆಗಲಿ ಎಂದಳು. ತಾಯಿಯ ಮಾತು; ಒಪ್ಪಿಕೊಂಡ.

ಚಿತ್ತಾರ ಬರೆದ ಆ ಹಿಟ್ಟಿನ ಹುಂಜದೊಳಗೆ ಒಂದು ಬೆಂತರ ಹೊಕ್ಕು ಕುಳಿತಿತ್ತು. ಅರಸನು ಕತ್ತಿ ಬೀಸಿದೊಡನೆ ಹಿಟ್ಟಿನ ಕೋಳಿ ಕೂಗಿತು! ಅವನ ಕೈಯ ಕತ್ತಿ ಕಳಚಿಬಿತ್ತು. ಮುಂದೆ ರಾಜ್ಯವನ್ನು ಮಗ ಯಶೋಮತಿಗೆ ಒಪ್ಪಿಸಿ ತಪಸ್ಸಿಗೆ ಹೊರಟ ಅರಸನನ್ನೂ ಅವನ ತಾಯಿಯನ್ನೂ ಅಮೃತಮತಿ ಊಟಕ್ಕೆ ಕರೆದು ವಿಷವಿಕ್ಕಿ ಕೊಂದಳು.

ಇನ್ನು ಪತ್ತೇದಾರಿಕೆ ಏನುಳಿಯಿತು ಎಂದು ತಾವು ಕೇಳಬಹುದು. ನನ್ನ ಹುಡುಗರೂ ಹಾಗೆಯೇ ಕೇಳಿದರು. ಈಗಿನ ಕಾದಂಬರಿ ‘ಕೊಂದವರು ಯಾರು’ ಎಂಬಲ್ಲಿಗೆ ಮುಗಿಯುತ್ತದೆ. ಜನ್ನನ ಕಥೆ ಅಲ್ಲಿಂದ ಮುಂದೆ ಸಾಗುತ್ತದೆ. ತಾಯಿಮಕ್ಕಳು ನವಿಲು ಮತ್ತು ನಾಯಿಯಾಗಿ ಹುಟ್ಟುತ್ತಾರೆ. ನಾಯಿಯೇ ನವಿಲನ್ನು ಕೊಲ್ಲುತ್ತದೆ, ಎಂದರೆ ತಾಯಿ ಮಗನನ್ನು. ಹೀಗೆ ಹುಟ್ಟಿ ಸತ್ತು, ಕಡೆಗೆ ಇಬ್ಬರೂ ಕೋಳಿಗಳಾಗುತ್ತಾರೆ. ಮುನಿಯ ಉಪದೇಶ ಕೇಳಿ ಹಿಂದಿನದೆಲ್ಲ ನೆನಪಾಗಿ, ಆ ಹಿಗ್ಗಿಗೆ ಕೂಗುತ್ತಾರೆ. ಆ ಕೂಗಿನ ಜಾಡು ಹಿಡಿದು ಯಶೋಮತಿಯ ಶಬ್ದವೇಧಿ ಬಾಣ ಅವರನ್ನು ಕೊಲ್ಲುತ್ತದೆ. ಕೊಂದವನು ಹೆತ್ತ ಮಗ. ಅವನ ರಾಣಿ ಕುಸುಮಾವಳಿಯ ಬಸಿರಿನಲ್ಲಿಯೇ ಅವರು ಅವಳಿಗಳಾಗಿ ಹುಟ್ಟುತ್ತಾರೆ. ಅವರೇ ಅಭಯರುಚಿ, ಅಭಯಮತಿ.

ಇಷ್ಟು ದುಃಖಕ್ಕೆ ಮೂಲವೆಲ್ಲಿ? ರಾಣಿಯ ವಿಷದಲ್ಲಲ್ಲ, ಹಿಟ್ಟಿನ ಕೋಳಿಯ ಮೇಲೆ ಬಿದ್ದ ಕತ್ತಿಯಲ್ಲಿ ಎನ್ನುತ್ತದೆ ಕಾವ್ಯ. ಜೈನ ಶಾಸ್ತ್ರದಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡು ಬಗೆ. ಜೀವವನ್ನು ನಿಜವಾಗಿ ಕೊಲ್ಲುವುದು ಒಂದು; ಕೊಲ್ಲುವ ಬಗೆಯನ್ನು ಮನಸ್ಸಿನಲ್ಲಿ ತಾಳುವುದು ಇನ್ನೊಂದು. ಹಿಟ್ಟಿಗೆ ಜೀವವಿಲ್ಲದಿರಬಹುದು, ಕತ್ತಿ ಎತ್ತಿದವನು ಅದನ್ನು ಕೋಳಿಯೆಂದೇ ಬಗೆದು ಕಡಿದ. ಬೆಂತರದ ಕೂಗು ಬರಿಯ ಹೆದರಿಕೆಗಲ್ಲ. ಅರಸನು ತನಗೆ ತಾನೇ ಮುಚ್ಚಿಟ್ಟುಕೊಂಡಿದ್ದುದನ್ನು ಅದು ಬಯಲಿಗೆಳೆಯಿತು.

ಗಮನಿಸಿ: ಈ ಕಥೆ ತಿರುಗುವ ಕಡೆಗಳಲ್ಲೆಲ್ಲ ಕಿವಿಗೆ ಬೀಳುವ ದನಿಯೊಂದಿದೆ. ಮಾವುತನ ಹಾಡು, ಹಿಟ್ಟಿನ ಕೋಳಿಯ ಕೂಗು, ಬಾಣಕ್ಕೆ ಗುರಿಯಾದ ಕೂಗು, ಕೊನೆಗೆ ಹುಡುಗನ ಮಾತು. ಆ ಮಾತನ್ನು ಕೇಳಿದ ಮಾರಿದತ್ತ ಬಲಿಯನ್ನು ಬಿಟ್ಟ; ಚಂಡಮಾರಿ ತಾನೇ ಪ್ರತ್ಯಕ್ಷಳಾಗಿ ಇನ್ನು ಕೊಲೆ ಬೇಡವೆಂದಳು. ಕತ್ತಿ ಹಿಡಿದವನು ಕಿವಿಗೊಟ್ಟುದರಿಂದ ಎರಡು ಎಳೆಯ ಜೀವಗಳು ಉಳಿದವು. ರೇಡಿಯೋ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೃತಮತಿಯ ಪರವಾಗಿ ಎರಡು ಮಾತು ಬೇಡವೇ ಎಂದು ಮನೆಯ ಹೆಣ್ಣುಮಕ್ಕಳು ಕೇಳಿದರೆ ಅದು ನ್ಯಾಯವೇ. ಗಿರೀಶ ಕಾರ್ನಾಡರು ಇದೇ ಕಥೆಯನ್ನು 1980ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕವಾಗಿಸಿ, ರಾಣಿಯೂ ಮಾತನಾಡುವಂತೆ ಮಾಡಿದರು.

ನಮ್ಮ ಸೀಮೆಗೆ ಈ ಕಥೆ ದೂರದ್ದಲ್ಲ. ಸೊರಬದ ಉದ್ದರೆ, ಶಿಕಾರಿಪುರದ ಬಂದಳಿಕೆ ಹಳೆಯ ಜೈನ ನೆಲೆಗಳು. ಬಂದಳಿಕೆಯ ಬಸದಿ ಇಂದಿಗೂ ನಿಂತಿದೆ. ಮಾರಿಜಾತ್ರೆಯಂತೂ ಮಲೆನಾಡಿನವರೆಲ್ಲ ಬಲ್ಲುದು. ನಮ್ಮ ರಾಜ್ಯದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ 1959ರಲ್ಲಿ ಬಂದಿತು. ಕಾಯಿದೆ ಹಿಡಿಯಬಲ್ಲುದು ಕೈಯನ್ನು. ಜನ್ನ ಹಿಡಿಯಹೊರಟುದು ಮನಸ್ಸನ್ನು.

ಪಾಠ ಮುಗಿದ ಮೇಲೆ ಅದೇ ಹುಡುಗ ಎದ್ದು ನಿಂತ. “ಸಾರ್, ಆಯುಧಪೂಜೆಯ ದಿನ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದೂ ಹಿಟ್ಟಿನ ಕೋಳಿಯೇ?”

ನಾನು ತಟ್ಟನೆ ಉತ್ತರಿಸಲಾರದೆ ಹೋದೆ. ಜೀವದ ಬಲಿಯನ್ನು ಬಿಡಿಸಲೆಂದೇ ಹಿರಿಯರು ಕಾಯನ್ನು ತಂದಿರಬಹುದು. ಅದು ಒಂದು ಮೆಟ್ಟಿಲು ಮೇಲೇರಿದಂತೆಯೇ ಸರಿ. ಆದರೆ ಒಡೆಯುವಾಗ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಒಡೆಯುವವನೇ ಬಲ್ಲ. “ಈ ಸಲ ಒಡೆಯುವಾಗ ಕಿವಿಗೊಟ್ಟು ಕೇಳಿಕೋ, ಆಮೇಲೆ ನನಗೆ ಹೇಳು” ಎಂದೆ. ತಮ್ಮಲ್ಲಿಯೂ ಅದೇ ನನ್ನ ಬಿನ್ನಹ.