ಬೆಟ್ಟ ಹತ್ತಿ ಹಾರಿ ಇಳಿಯುವ ಪ್ರವಾಸ: ತಾಳವಾಡಿಯವರು ತಿಳಿದಿರಬೇಕಾದ್ದು



ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಮೇಲೆ ಬಂದು ಬಣ್ಣಾರಿಯ ಕಡೆಯ ಬಯಲನ್ನು ನೋಡಿದವರಿಗೆ ಇಲ್ಲಿಂದ ಹಾರಿದರೆ ಹೇಗಿರುತ್ತದೆ ಎಂಬ ಯೋಚನೆ ಬರುವುದು ಸಹಜ. ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಿ, ಅದೇ ಚೀಲದಿಂದ ರೆಕ್ಕೆ ಬಿಚ್ಚಿ ಹಾರಿ ಇಳಿಯುವ ವಿಡಿಯೋಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ಅವುಗಳನ್ನು ನೋಡಿದ ನಮ್ಮ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: ನಮ್ಮ ಬೆಟ್ಟದಲ್ಲೂ ಇದನ್ನು ಮಾಡಬಹುದೇ?

ತಾಳವಾಡಿ ಬೆಟ್ಟಗಳಲ್ಲಿ ಮಾಡುವಂತಿಲ್ಲ, ಮಾಡಲೂಬಾರದು. ಬೇರೆ ಕಡೆ, ಕಲಿತು, ಲೆಕ್ಕ ಹಾಕಿ ಹೋದರೆ ಖಂಡಿತ ಮಾಡಬಹುದು. ಎರಡಕ್ಕೂ ಕಾರಣಗಳನ್ನು ಇಲ್ಲಿ ವಿವರಿಸಿದ್ದೇವೆ.

ಏನಿದು ಆಟ?

ಪ್ಯಾರಾಗ್ಲೈಡರ್ ಅಂದರೆ ಬಟ್ಟೆಯ ರೆಕ್ಕೆ. ಅದಕ್ಕೆ ಎಂಜಿನ್ ಇಲ್ಲ, ಕಟ್ಟುವ ಕೋಲುಗಳೂ ಇಲ್ಲ. ಮುಂಭಾಗದ ಬಾಯಿಗಳಿಂದ ಗಾಳಿ ಒಳನುಗ್ಗಿ ಬಟ್ಟೆ ಉಬ್ಬಿದಾಗ ಅದಕ್ಕೆ ರೆಕ್ಕೆಯ ಆಕಾರ ಬರುತ್ತದೆ. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯ ಬೆಟ್ಟದಿಂದ ಕೆಲವು ಪ್ಯಾರಾಚೂಟ್ ಪಟುಗಳು ಓಡಿ ಹಾರಿದ್ದು ಈ ಕ್ರೀಡೆಯ ಆರಂಭ. ಹತ್ತೇ ವರ್ಷದಲ್ಲಿ, 1988ರ ಸೆಪ್ಟೆಂಬರ್ 26ರಂದು, ಫ್ರಾನ್ಸಿನ ಪರ್ವತಾರೋಹಿ ಜಾನ್ ಮಾರ್ಕ್ ಬೊವಾವಾಂ ಎವರೆಸ್ಟ್ ತುದಿಯಿಂದಲೇ ಹಾರಿದರು. ನಡಿಗೆ ಮತ್ತು ಹಾರಾಟ ಎರಡರಿಂದಲೇ ಆಲ್ಪ್ಸ್ ಪರ್ವತಗಳನ್ನು ದಾಟುವ ರೆಡ್ ಬುಲ್ ಎಕ್ಸ್-ಆಲ್ಪ್ಸ್ ಸ್ಪರ್ಧೆ 2003ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ.

ಮೊದಲಿನ ರೆಕ್ಕೆ ಮತ್ತು ಸಲಕರಣೆ ಸೇರಿ 20 ಕಿಲೋ ಆಸುಪಾಸು ತೂಗುತ್ತಿತ್ತು. ಈಗಿನ ಹಗುರ ಸಲಕರಣೆ ಅದರ ಅರ್ಧಕ್ಕೆ ಇಳಿದಿದೆ. ಹೊತ್ತು ನಡೆಯಲು ಸಾಧ್ಯವಾಗಿರುವುದು ಅದರಿಂದಲೇ.

ನಮ್ಮ ಬೆಟ್ಟಗಳಲ್ಲಿ ಯಾಕೆ ಬೇಡ?

ಮೊದಲನೆಯದು ಕಾನೂನು. ತಾಳವಾಡಿ, ಹಾಸನೂರು, ದಿಂಬಂ ಸುತ್ತಲಿನ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. 2008ರಲ್ಲಿ ವನ್ಯಜೀವಿಧಾಮವಾದ ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ 1,400 ಚದರ ಕಿ.ಮೀ.ಗೂ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಲ್ಲಿ ವಾಸವಿರುವವರು, ಒಳಗೆ ಜಮೀನು ಇರುವವರು, ಹೆದ್ದಾರಿಯಲ್ಲಿ ಹಾದು ಹೋಗುವವರು ಮೊದಲಾದವರನ್ನು ಬಿಟ್ಟರೆ ಉಳಿದವರು ಪರವಾನಗಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಹಾರುವವನು ಹೊರಗಿನಿಂದ ಹೊರಟರೂ ಗಾಳಿ ಕೈಕೊಟ್ಟರೆ ಇಳಿಯುವುದು ಕಾಡಿನೊಳಗೆ. ಆಗ ಅದೂ ಅಕ್ರಮ ಪ್ರವೇಶವೇ. ಸೆರೆಮನೆ, ದಂಡ ಎರಡಕ್ಕೂ ಅವಕಾಶವಿದೆ. ಗಡಿಯ ಆಚೆ ಬಿಳಿಗಿರಿರಂಗನ ಬೆಟ್ಟ ಮತ್ತು ಬಂಡೀಪುರ, ಅವೂ ಹುಲಿ ಸಂರಕ್ಷಿತ ಪ್ರದೇಶಗಳೇ. ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ ಎಂಬುದನ್ನು ಗಡಿಯವರಾದ ನಾವು ಮರೆಯಬಾರದು.

ತಮಿಳುನಾಡಿನಲ್ಲಿ ಚಾರಣದ ನಿಯಮ ಬಿಗಿಯಾಗಲು ಒಂದು ದೊಡ್ಡ ದುರಂತ ಕಾರಣ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕು 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದೇ ವರ್ಷ ರಾಜ್ಯ ಸರ್ಕಾರ ಚಾರಣಕ್ಕೆ ಪ್ರತ್ಯೇಕ ನಿಯಮಗಳನ್ನು ತಂದಿತು.

ಎರಡನೆಯದು ಗಾಳಿ. ಪ್ಯಾರಾಗ್ಲೈಡರ್ ಯಾವಾಗಲೂ ಎದುರುಗಾಳಿಗೆ ಓಡಿಯೇ ಏಳಬೇಕು. ಬಣ್ಣಾರಿಯ ಕಡೆಗಿರುವ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ. ದೀಪಾವಳಿ ಕಳೆದು ಗುಮಟಾಪುರದಲ್ಲಿ ಗೊರೆ ಹಬ್ಬ ನಡೆಯುವ ಹೊತ್ತಿಗೆ ನಮ್ಮಲ್ಲಿ ಬೀಸುವುದು ಈಶಾನ್ಯದ ಮೂಡಗಾಳಿ. ಅದು ಮೇಲಿನ ಬಯಲಿನಿಂದ ಬಂದು ಇಳಿಜಾರಿನ ಅಂಚು ದಾಟಿ ಕೆಳಗೆ ಧುಮುಕುತ್ತದೆ. ಬಂಡೆ ದಾಟಿದ ಹೊಳೆಯ ನೀರು ಹಿಂದೆ ಸುಳಿಯಾಗುವ ಹಾಗೆ, ಬೆಟ್ಟ ದಾಟಿದ ಗಾಳಿಯೂ ಮರೆಯಲ್ಲಿ ಸುಳಿಯುತ್ತದೆ. ಆ ಸುಳಿಯಲ್ಲಿ ಬಟ್ಟೆಯ ರೆಕ್ಕೆ ಮಡಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಆದರೆ ಅದರ ವೇಗ ಹಾರಾಟಕ್ಕೆ ಅತಿಯಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಗುಡುಗು ಮಳೆ. ಕಾನೂನು ಬಿಟ್ಟರೂ ಸುರಕ್ಷಿತ ದಿನಗಳು ತೀರಾ ಕಡಿಮೆ.

ಮೂರನೆಯದು ಇಳಿಯುವ ಜಾಗ. ಘಾಟಿಯ ಕೆಳಗೂ ಕಾಡೇ. ಕಬ್ಬಿನ ಲಾರಿಗೆ ಕಾಯುತ್ತ ರಸ್ತೆಯಲ್ಲಿ ನಿಲ್ಲುವ ಆನೆಗಳನ್ನು ಕಾರಪಳ್ಳಂ ಚೆಕ್‌ಪೋಸ್ಟ್ ಬಳಿ ನಾವೆಲ್ಲ ನೋಡಿದ್ದೇವೆ. ಕಾಲು ಮುರಿದುಕೊಂಡು ಅಂಥ ಕಾಡಿನಲ್ಲಿ ಬಿದ್ದವನನ್ನು ಸಂಜೆಯೊಳಗೆ ಹುಡುಕಿ ತರುವುದು ಸುಲಭವಲ್ಲ. ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಹುಡುಕಲು ಹೋಗುವ ಅರಣ್ಯ ಸಿಬ್ಬಂದಿ ಮತ್ತು ಸೋಲಿಗರ ಜೀವವೂ ಆಗ ಅಪಾಯಕ್ಕೆ ಬೀಳುತ್ತದೆ.

ನಾಲ್ಕನೆಯದು ರಣಹದ್ದುಗಳು. ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ರಣಹದ್ದುಗಳಿಗೆ ಉಳಿದಿರುವ ಕೊನೆಯ ಕೆಲವು ನೆಲೆಗಳಲ್ಲಿ ಒಂದು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ದೇಶದಾದ್ಯಂತ ಅವು ಸತ್ತು, 2006ರಲ್ಲಿ ಆ ಔಷಧಿಯನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಲಾಯಿತು. ಅವು ಗೂಡು ಕಟ್ಟುವುದು ಚಳಿಗಾಲದಲ್ಲಿ, ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಗೂಡಿನ ಮೇಲೆ ದೊಡ್ಡ ಬಣ್ಣದ ರೆಕ್ಕೆ ಹಾರಾಡಿದರೆ ಆ ವರ್ಷದ ಮರಿ ಉಳಿಯದೇ ಹೋಗಬಹುದು.

ಹಾಗಾದರೆ ಎಲ್ಲಿ, ಹೇಗೆ ಶುರು ಮಾಡುವುದು?

ಹಾರಲು ಬಾರದವರು ನಡೆದು ಹಾರುವ ಪ್ರವಾಸ ಯೋಜಿಸಬಾರದು. ಮೊದಲು ತರಬೇತಿ. ನಮ್ಮ ಕಡೆಯಿಂದ ಹೋಗಲು ಅನುಕೂಲವಾದ ಕಲಿಕೆಯ ತಾಣ ಮಹಾರಾಷ್ಟ್ರದ ಕಾಮ್‌ಶೇತ್. ಲೋಣಾವಳ ಮತ್ತು ಪುಣೆಯ ನಡುವೆ ಇದೆ, ಬೆಂಗಳೂರಿನಿಂದ ಪುಣೆಗೆ ನೇರ ರೈಲುಗಳಿವೆ. ಮಳೆಗಾಲ ಮುಗಿದ ಮೇಲೆ ಬೇಸಿಗೆಯವರೆಗೆ ಅಲ್ಲಿ ಶಾಲೆಗಳು ನಡೆಯುತ್ತವೆ. ತಗ್ಗು ಗುಡ್ಡಗಳಾದ್ದರಿಂದ ಮೊದಲ ಪಾಠಕ್ಕೆ ತಕ್ಕ ಜಾಗ. ಮೊದಲ ದಿನಗಳೆಲ್ಲ ನೆಲದ ಮೇಲೆ ರೆಕ್ಕೆ ಎತ್ತಿ ನಿಲ್ಲಿಸುವ ಅಭ್ಯಾಸವೇ. ಬೇಸರ ಎನಿಸಿದರೂ ಅದನ್ನು ತಪ್ಪಿಸಿಕೊಳ್ಳಬೇಡಿ. ಬೆಟ್ಟದ ತುದಿಯ ಅಂಕುಡೊಂಕು ಜಾಗದಲ್ಲಿ ಕೈಹಿಡಿಯುವುದು ಆ ಅಭ್ಯಾಸವೇ.

ಎತ್ತರದ ಹಾರಾಟಕ್ಕೆ ಹಿಮಾಚಲ ಪ್ರದೇಶದ ಬೀರ್ ಬಿಲ್ಲಿಂಗ್ ದೇಶದಲ್ಲೇ ಹೆಸರಾದದ್ದು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಅಲ್ಲಿ ನಡೆಯಿತು. ಬಿಲ್ಲಿಂಗ್‌ನ ಏಳುವ ಜಾಗ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಇಳಿಯುವ ಬೀರ್ ಸುಮಾರು 1,400 ಮೀಟರ್‌ನಲ್ಲಿದೆ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಯ ಕಾರಣ ಹಾರಾಟಕ್ಕೆ ನಿಷೇಧ. ಅಲ್ಲಿಯೂ ಅಪಘಾತಗಳಾಗಿ ಪೈಲಟ್‌ಗಳು ಸತ್ತಿದ್ದಾರೆ. ಹೆಸರಾದ ಜಾಗ ಅಂದ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳಬೇಡಿ.

ಕಲಿಯುವಷ್ಟು ಬಿಡುವಿಲ್ಲದವರು ನಡೆದು ಬಿಲ್ಲಿಂಗ್ ಹತ್ತಿ, ಅಲ್ಲಿಂದ ಪೈಲಟ್ ಜೊತೆ ಇಬ್ಬರು ಕೂರುವ ರೆಕ್ಕೆಯಲ್ಲಿ ಇಳಿಯಬಹುದು. ಆಗ ಪೈಲಟ್‌ನ ನೋಂದಣಿ ಪತ್ರ ಮತ್ತು ವಿಮೆಯನ್ನು ಕೇಳಿ ನೋಡಿ. ಕೇಳಲು ಸಂಕೋಚ ಬೇಡ.

ಲೆಕ್ಕ ಹಾಕುವ ಬಗೆ

ನಡಿಗೆಯ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಸಾಕು. 5 ಕಿ.ಮೀ.ಗೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೀರ್‌ನಿಂದ ಬಿಲ್ಲಿಂಗ್‌ಗೆ ರಸ್ತೆಯಲ್ಲಿ ಸುಮಾರು 14 ಕಿ.ಮೀ., ಏರು 1,000 ಮೀಟರ್. ದೂರಕ್ಕೆ 2 ಗಂಟೆ 48 ನಿಮಿಷ, ಏರಿಗೆ 1 ಗಂಟೆ 40 ನಿಮಿಷ, ಒಟ್ಟು ಸುಮಾರು ನಾಲ್ಕೂವರೆ ಗಂಟೆ. ಹೊರೆ ಮತ್ತು ವಿಶ್ರಾಂತಿಗೆ ಇನ್ನೊಂದು ಗಂಟೆ ಸೇರಿಸಿ. ಬೆಳಿಗ್ಗೆ 5ಕ್ಕೆ ಹೊರಟರೆ ಹತ್ತೂವರೆಗೆ ಮೇಲೆ.

ಹಾರಾಟದ ಲೆಕ್ಕ ಹೀಗೆ. ಕಲಿಯುವವರ ರೆಕ್ಕೆ ನಿಶ್ಚಲ ಗಾಳಿಯಲ್ಲಿ 1 ಮೀಟರ್ ಇಳಿಯುವಾಗ ಸುಮಾರು 8 ಮೀಟರ್ ಮುಂದೆ ಹೋಗುತ್ತದೆ. 1,000 ಮೀಟರ್ ಎತ್ತರವಿದ್ದರೆ 8 ಕಿ.ಮೀ. ಆದರೆ ರೆಕ್ಕೆಯ ವೇಗ ಗಂಟೆಗೆ 36 ಕಿ.ಮೀ. ಮಾತ್ರ. ಗಂಟೆಗೆ 18 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ ಅರ್ಧವಾಗುತ್ತದೆ, ದೂರವೂ 4 ಕಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ಇಳಿಯುವ ಜಾಗ ಅರ್ಧದ ಲೆಕ್ಕದಲ್ಲೂ ಕೈಗೆಟುಕುವಂತಿರಬೇಕು. ದಾರಿಯ ನಡುವೆ ಇನ್ನೊಂದು ತುರ್ತು ಜಾಗವನ್ನೂ ಮೊದಲೇ ಗುರುತು ಮಾಡಿಕೊಳ್ಳಬೇಕು. ಎರಡನ್ನೂ ಹಿಂದಿನ ದಿನವೇ ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ವಿದ್ಯುತ್ ತಂತಿಗಳು ಮೇಲಿನಿಂದ ಕಾಣುವುದಿಲ್ಲ.

ಏರುಗಾಳಿ ಸಿಗದಿದ್ದರೆ 1,000 ಮೀಟರ್ ಇಳಿಯಲು ಸುಮಾರು 13 ನಿಮಿಷ ಸಾಕು. ಐದು ಗಂಟೆ ಹತ್ತಿದ್ದಕ್ಕೆ ಹದಿಮೂರು ನಿಮಿಷ! ಇದು ನಷ್ಟ ಎನಿಸುವವರಿಗೆ ಈ ಕ್ರೀಡೆ ಒಗ್ಗುವುದಿಲ್ಲ.

ಚೀಲದಲ್ಲಿ ಏನಿರಬೇಕು?

- ಹಗುರ ರೆಕ್ಕೆ: 3ರಿಂದ 4 ಕಿಲೋ. ಹೊಸಬರಿಗೆ ಇ.ಎನ್. ಎ ದರ್ಜೆಯದ್ದೇ ಆಗಲಿ. ತೀರಾ ಚಿಕ್ಕ ರೆಕ್ಕೆ ಹಗುರ ನಿಜ, ಆದರೆ ಅದರ ವೇಗ ಮತ್ತು ಚುರುಕು ಹೊಸಬರಿಗೆ ಅಪಾಯ.
- ಬೆನ್ನಿಗೆ ಗಾಳಿಚೀಲದ ರಕ್ಷಣೆ ಇರುವ ಹಾರ್ನೆಸ್: ಸುಮಾರು 2 ಕಿಲೋ.
- ರಿಸರ್ವ್ ಪ್ಯಾರಾಚೂಟ್: 1ರಿಂದ 1.5 ಕಿಲೋ. ತೂಕ ಉಳಿಸಲು ಇದನ್ನು ಬಿಟ್ಟು ಹೋಗುವವರಿದ್ದಾರೆ. ನೀವು ಬಿಡಬೇಡಿ.
- ಹೆಲ್ಮೆಟ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟು, ಗಾಳಿ ತಡೆಯುವ ಅಂಗಿ.
- ಕನಿಷ್ಠ 2 ಲೀಟರ್ ನೀರು, ಅಂದರೆ 2 ಕಿಲೋ.
- ಪ್ರಥಮ ಚಿಕಿತ್ಸೆ, ಸೀಟಿ, ತಲೆದೀಪ, ಪವರ್ ಬ್ಯಾಂಕ್, ಮರದಲ್ಲಿ ಸಿಕ್ಕಿಕೊಂಡರೆ ಹಗ್ಗ ಮೇಲೆಳೆದುಕೊಳ್ಳಲು ಉದ್ದನೆಯ ತೆಳು ದಾರ.

ಎಲ್ಲ ಸೇರಿ 10ರಿಂದ 12 ಕಿಲೋ ಆಗುತ್ತದೆ.

ಹಾರಬೇಕೋ, ಬೇಡವೋ?

ಅಪಘಾತ ತಪ್ಪಿಸುವ ತೀರ್ಮಾನ ಇದೇ. ಐದು ಗಂಟೆ ಹತ್ತಿ ಬಂದವನಿಗೆ ಹಾರಲೇಬೇಕು ಎನಿಸುತ್ತದೆ. ಗಾಳಿ ಸರಿಯಿಲ್ಲ ಎಂದು ಕಣ್ಣಿಗೆ ಕಂಡರೂ ಮನಸ್ಸು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅನ್ನುತ್ತದೆ. ಆದ್ದರಿಂದ ಮಿತಿಗಳನ್ನು ಬೆಟ್ಟದ ಕೆಳಗೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೊಸಬರಿಗೆ ಗಂಟೆಗೆ 15 ಕಿ.ಮೀ.ಗಿಂತ ಹೆಚ್ಚಿನ ಗಾಳಿ ಬೇಡ. ಬೆನ್ನ ಹಿಂದಿನಿಂದ ಗಾಳಿ ಬಂದರೆ ಬೇಡ. ಮೋಡ ಗೋಪುರದಂತೆ ಮೇಲೇಳುತ್ತಿದ್ದರೆ, ದೂರದಲ್ಲಿ ಗುಡುಗು ಕೇಳಿದರೆ ಬೇಡ. ನೆತ್ತಿಯ ಬಿಸಿಲಿನ ಹೊತ್ತಿನ ಏರುಗಾಳಿ ಒರಟು, ಹೊಸಬರು ಬೆಳಿಗ್ಗೆ ಬೇಗ ಇಲ್ಲವೇ ಸಂಜೆಯ ಮೆದು ಗಾಳಿಗೆ ಕಾಯಲಿ.

ರಾಗಿ ತೂರಿದವರಿಗೆ ಗಾಳಿ ಓದುವುದು ಹೊಸ ವಿದ್ಯೆಯಲ್ಲ. ಒಂದೇ ಸಮ ಬೀಸುವ ಗಾಳಿ ಯಾವುದು, ನಿಂತು ನಿಂತು ತಳ್ಳುವ ಗಾಳಿ ಯಾವುದು ಎಂದು ಕಣದಲ್ಲಿ ನಿಂತವರಿಗೆ ಗೊತ್ತು. ಎರಡನೆಯ ಬಗೆಯದ್ದಾದರೆ ಹಾರಬೇಡಿ.

ನಡೆದು ಇಳಿಯುವುದಕ್ಕೂ ಸಮಯ, ನೀರು, ಬೆಳಕು ಉಳಿದಿರಬೇಕು. ನಡೆದು ಇಳಿದ ದಿನವನ್ನು ಸೋಲು ಎಂದು ಎಣಿಸದ ಗುಂಪಿನ ಜೊತೆಗಷ್ಟೇ ಹೋಗಿ. ಒಬ್ಬರೇ ಹೋಗಲೇಬೇಡಿ. ಹೊರಡುವ ಜಾಗ, ಇಳಿಯುವ ಜಾಗ, ಎಷ್ಟು ಹೊತ್ತಿನೊಳಗೆ ಫೋನ್ ಬರಬೇಕು ಎಂಬುದನ್ನು ಮನೆಯಲ್ಲಿ ಬರೆದುಕೊಟ್ಟು ಹೋಗಿ. ಆ ಹೊತ್ತು ಮೀರಿದರೆ 112ಕ್ಕೆ ಕರೆ ಮಾಡಲು ಮನೆಯವರಿಗೆ ತಿಳಿಸಿರಿ.

ಊರಲ್ಲಿದ್ದೇ ಮಾಡಬಹುದಾದ ತಯಾರಿ

ಕಾಡಿಗೆ ಹೋಗದೆಯೂ ಕಾಲು ಗಟ್ಟಿ ಮಾಡಿಕೊಳ್ಳಬಹುದು. ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತು ಕಿಲೋ ಚೀಲದೊಂದಿಗೆ ಹತ್ತಿ ಇಳಿಯಿರಿ. ಎರಡು ಸಲ ಮಾಡಿಯೂ ಮಾರನೆಯ ದಿನ ನಡೆಯಲು ಆಗುತ್ತದೆ ಎಂದಾದರೆ ದೇಹ ಸಿದ್ಧ. ಮನೆಯಲ್ಲಿ ದಿನವೂ ಹವಾಮಾನ ಇಲಾಖೆಯ ಮುನ್ಸೂಚನೆ ಓದಿ, ಸಂಜೆ ನಿಜವಾಗಿ ಬೀಸಿದ ಗಾಳಿಯ ಜೊತೆ ಹೋಲಿಸಿ ಬರೆದಿಡಿ. ಮೂರು ತಿಂಗಳು ಹೀಗೆ ಮಾಡಿದರೆ ಗಾಳಿಯ ಬಗ್ಗೆ ಪುಸ್ತಕ ಕಲಿಸದ್ದು ತಿಳಿಯುತ್ತದೆ.

ಹಾರುವ ಆಸೆ ಇರುವ ಸದಸ್ಯರು, ಮುಖ್ಯವಾಗಿ ಅವರ ತಂದೆ ತಾಯಂದಿರು, ಇದನ್ನು ಓದಿ ಮನೆಯಲ್ಲಿ ಮಾತಾಡಿಕೊಳ್ಳಿ. ಬೇಡ ಎಂದಷ್ಟೇ ಹೇಳಿದರೆ ಹುಡುಗರು ಹೇಳದೆ ಹೋಗುತ್ತಾರೆ. ಎಲ್ಲಿ ಬೇಡ, ಯಾಕೆ ಬೇಡ, ಎಲ್ಲಿ ಆಗುತ್ತದೆ ಎಂದು ತಿಳಿಸಿ ಹೇಳಿದರೆ ಕೇಳುತ್ತಾರೆ. ದಿಂಬಂನ ಅಂಚಿನಲ್ಲಿ ರೆಕ್ಕೆ ಬಿಚ್ಚುವ ಹಕ್ಕು ಸದ್ಯಕ್ಕೆ ರಣಹದ್ದುಗಳಿಗೆ ಮಾತ್ರ ಇರಲಿ.