ನೂರ ತೊಂಬತ್ತಮೂರು ಸಾರ್ವಭೌಮರು

ಪತ್ರಿಕೆಯಲ್ಲಿ ವಿದೇಶವಾರ್ತೆಗಳನ್ನು ಓದುವ ಗೃಹಸ್ಥರಿಗೆ ‘ಸಾರ್ವಭೌಮತ್ವ’ ಎಂಬ ಮಾತು ವಾರಕ್ಕೆ ನಾಲ್ಕು ಸಲವಾದರೂ ಕಣ್ಣಿಗೆ ಬೀಳುವುದು. ತನ್ನ ಸಾರ್ವಭೌಮತ್ವಕ್ಕೆ ಭಂಗ ಬಂದಿತೆಂದು ಒಂದು ದೇಶವು ದೂರುವುದು. ಅದನ್ನು ತಾನು ಗೌರವಿಸುವೆನೆಂದು ಮತ್ತೊಂದು ದೇಶವು, ಕೆಲವು ವೇಳೆ ಗಡಿಯಲ್ಲಿ ಸೈನ್ಯವನ್ನು ಕೂಡಿಸುತ್ತಲೇ, ಉತ್ತರ ಕೊಡುವುದು. ಲೋಕರಾಜಕಾರಣವನ್ನು ಶಾಸ್ತ್ರವಾಗಿ ಕಲಿಯುವವರಿಗೆ ಮೊದಲ ಪಾಠವೂ ಈ ಶಬ್ದವೇ. ಆದುದರಿಂದ ಅದರ ಅರ್ಥವನ್ನು ಸ್ವಲ್ಪ ವಿಚಾರಿಸಿ ನೋಡುವುದು ಅನುಚಿತವಾಗಲಾರದು.

ಸಂಸ್ಕೃತವನ್ನು ಓದಿದವರ ಕಿವಿಗೆ ಈಗಿನ ಪ್ರಯೋಗವು ವಿಚಿತ್ರವಾಗಿಯೇ ಕೇಳಿಸುವುದು. ಸರ್ವಭೂಮಿಗೆ ಯಾವನು ಈಶ್ವರನೋ ಅವನು ಸಾರ್ವಭೌಮನೆಂದು ಪಾಣಿನಿಯು ಈ ಪದವನ್ನು ಸಾಧಿಸಿರುತ್ತಾನೆ. ಅಮರಸಿಂಹನು ಚಕ್ರವರ್ತಿ, ಸಾರ್ವಭೌಮ ಎಂಬಿವೆರಡನ್ನೂ ಒಂದೇ ಅರ್ಥದಲ್ಲಿಟ್ಟು, ಉಳಿದ ದೊರೆಗಳನ್ನು ಮಂಡಲೇಶ್ವರರೆಂದು ಬೇರ್ಪಡಿಸಿದ್ದಾನೆ. (ಉತ್ತರದಿಕ್ಕನ್ನು ಹೊತ್ತ ದಿಗ್ಗಜಕ್ಕೂ ಸಾರ್ವಭೌಮವೆಂದೇ ಹೆಸರು, ಅದನ್ನು ಕೇಳಿದರೆ ಪಾಠಶಾಲೆಯ ಮಕ್ಕಳಿಗೆ ಬಹಳ ಸಂತೋಷ.) ಒಟ್ಟಿನಲ್ಲಿ, ಇದ್ದರೆ ಒಬ್ಬನೇ ಸಾರ್ವಭೌಮನು; ಇಬ್ಬರಾದರೆ ಇಬ್ಬರೂ ಅಲ್ಲ. ಈಗಲಾದರೋ ವಿಶ್ವಸಂಸ್ಥೆಯಲ್ಲಿ 193 ಸದಸ್ಯರಾಷ್ಟ್ರಗಳಿದ್ದು, ಅವೆಲ್ಲವೂ ಸಾರ್ವಭೌಮರಾಷ್ಟ್ರಗಳೆಂದೇ ಎಣಿಕೆ!

ಈ ಹೊಸ ಅರ್ಥವು ಯೂರೋಪಿನಿಂದ ಬಂದದ್ದು. ಮೂವತ್ತು ವರ್ಷಗಳ ಘೋರಯುದ್ಧದ ಕೊನೆಗೆ 1648ರಲ್ಲಿ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಆದ ಸಂಧಿಗಳಿಂದ ಇದು ಮೊದಲಾಯಿತೆಂದು ಹೇಳುವ ವಾಡಿಕೆಯುಂಟು. ವಾಡಿಕೆಯೆಂದೇಕೆ ಹೇಳಿದೆನೆಂದರೆ, ಆ ಸಂಧಿಪತ್ರಗಳಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ಬರೆದಿಲ್ಲವೆಂದೂ ಅದು ಕ್ರಮೇಣ ಬೆಳೆದು ಬಂದದ್ದೆಂದೂ ಚರಿತ್ರಕಾರರಲ್ಲಿ ಅನೇಕರ ಅಭಿಪ್ರಾಯ. ಅದು ಹೇಗಾದರೂ ಇರಲಿ, ತತ್ತ್ವವಿಷ್ಟು: ತನ್ನ ಎಲ್ಲೆಯೊಳಗೆ ರಾಷ್ಟ್ರಕ್ಕೆ ಮೇಲಧಿಕಾರಿಯಿಲ್ಲ, ಎಲ್ಲೆಯ ಹೊರಗೆ ಅದು ಯಾರ ಅಪ್ಪಣೆಗೂ ಒಳಪಟ್ಟದ್ದಲ್ಲ.

ಈ ಎರಡು ಮುಖಗಳು ಬೇರೆ ಬೇರೆಯೆಂಬುದನ್ನು ತಿಳಿಯಲು ನಮ್ಮ ನಾಡಿನ ಚರಿತ್ರೆಯೇ ಸಾಕು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದ ಮೇಲೆ ಒಳಗಿನ ಆಡಳಿತವು ಮಹಾರಾಜರ ಹೆಸರಿನಲ್ಲಿಯೇ ನಡೆಯಿತು. ಆದರೆ ಪರರಾಷ್ಟ್ರಗಳೊಡನೆ ಯುದ್ಧವನ್ನಾಗಲಿ ಸಂಧಿಯನ್ನಾಗಲಿ ಮಾಡುವ ಅಧಿಕಾರವು ಅವರಿಗಿರಲಿಲ್ಲ. ಅದು ಬ್ರಿಟಿಷರ ಕೈಯಲ್ಲಿತ್ತು. 1947ರ ಆಗಸ್ಟಿನಲ್ಲಿ ಜಯಚಾಮರಾಜೇಂದ್ರ ಒಡೆಯರವರು ಭಾರತದೊಡನೆ ಸೇರುವ ಪತ್ರಕ್ಕೆ ಸಹಿ ಹಾಕಿದಾಗ ಒಪ್ಪಿಸಿಕೊಟ್ಟದ್ದು ರಕ್ಷಣೆ, ಪರರಾಷ್ಟ್ರವ್ಯವಹಾರ, ಸಂಪರ್ಕ ಎಂಬ ಮೂರೇ ವಿಷಯಗಳನ್ನು. ಅಮರನ ಮಾತಿನಲ್ಲಿ ಹೇಳುವುದಾದರೆ, ಅವರು ಮಂಡಲೇಶ್ವರರು.

1945ರ ವಿಶ್ವಸಂಸ್ಥೆಯ ಸನ್ನದು ರಾಷ್ಟ್ರಗಳೆಲ್ಲವೂ ಸಾರ್ವಭೌಮತ್ವದಲ್ಲಿ ಸಮಾನವೆಂದು ಸಾರುವುದು. (ಅದಕ್ಕೆ ಸಹಿ ಹಾಕಿದವರಲ್ಲಿ ಆಗಿನ್ನೂ ಸ್ವತಂತ್ರವಾಗದಿದ್ದ ಭಾರತವೂ ಒಂದು!) ಅದರಂತೆ ಮಹಾಸಭೆಯಲ್ಲಿ, ಶಾಂತಸಾಗರದ ನಡುವೆ ಸುಮಾರು ಹನ್ನೆರಡು ಸಾವಿರ ಜನರಿರುವ ನೌರು ದ್ವೀಪಕ್ಕೂ ನೂರನಲವತ್ತು ಕೋಟಿ ಮೀರಿದ ಭಾರತಕ್ಕೂ ಒಂದೊಂದೇ ಮತ. ಆದರೆ ಅದೇ ಸನ್ನದು ಭದ್ರತಾ ಮಂಡಳಿಯಲ್ಲಿ ಅಮೆರಿಕ, ರಷ್ಯ, ಚೀನ, ಬ್ರಿಟನ್, ಫ್ರಾನ್ಸ್ ಎಂಬ ಐವರಿಗೆ ಶಾಶ್ವತಪೀಠವನ್ನು ಹಾಕಿ, ವೀಟೊ ಎಂದು ಪ್ರಸಿದ್ಧವಾದ ನಿಷೇಧಾಧಿಕಾರವನ್ನೂ ಕೊಟ್ಟಿದೆ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಎಲೆ ಹಾಕಿ, ಬಡಿಸುವ ಸೌಟನ್ನು ಮಾತ್ರ ಐವರ ಕೈಯಲ್ಲಿಟ್ಟ ಹಾಗೆ.

ಮನೆಗಳಿಗೂ ರಾಷ್ಟ್ರಗಳಿಗೂ ಇರುವ ದೊಡ್ಡ ಭೇದವು ಇಲ್ಲಿಯೇ ಇರುವುದು. ಬೇಲಿಯ ವಿಷಯದಲ್ಲಿ ನೆರೆಮನೆಯವರು ಅನ್ಯಾಯ ಮಾಡಿದರೆ ನಾವು ಠಾಣೆಗೆ ಹೋಗಬಹುದು, ನ್ಯಾಯಾಲಯಕ್ಕೆ ಹೋಗಬಹುದು. ರಾಷ್ಟ್ರಗಳ ಬೀದಿಯಲ್ಲಿ ಅಂಥ ಠಾಣೆಯಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಹೇಗ್ ನಗರದಲ್ಲಿ ಇರುವುದಾದರೂ, ಅದರ ತೀರ್ಪನ್ನು ನಡೆಯಿಸಿಕೊಡುವ ಅಮೀನರಿಲ್ಲ. ವಿದ್ವಾಂಸರು ಈ ಸ್ಥಿತಿಯನ್ನು ಅರಾಜಕತೆಯೆನ್ನುವರು. ಗೊಂದಲವೆಂಬ ಅರ್ಥದಲ್ಲಿ ಅಲ್ಲ, ಮೇಲೆ ಒಬ್ಬ ರಾಜನಿಲ್ಲವೆಂಬ ಅಕ್ಷರಾರ್ಥದಲ್ಲಿ. ದಂಡವಿಲ್ಲದೆಡೆ ಮತ್ಸ್ಯನ್ಯಾಯವುಂಟಾಗುವುದೆಂದು, ಎಂದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂದು, ನಮ್ಮ ಪೂರ್ವಿಕರೂ ಕಂಡಿದ್ದರು.

ಹಾಗಾದರೆ ಸಣ್ಣ ಮೀನಿನ ಗತಿಯೇನು? ಇಲ್ಲಿ ಕೌಟಿಲ್ಯನನ್ನು ಕೇಳಬೇಕಾಗುವುದು. ಅವನ ಅರ್ಥಶಾಸ್ತ್ರವು ಬಹುಕಾಲ ಕಣ್ಮರೆಯಾಗಿದ್ದು, ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಬೆಳಕು ಕಂಡಿತು. ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಇಂದು ದೇಶವಿದೇಶಗಳ ವಿದ್ಯಾಪೀಠಗಳಲ್ಲಿ ಅದನ್ನು ಓದುತ್ತಿರುವರು. ಆದರೆ ಹೆಚ್ಚಿನವರು ಹಿಡಿದುಕೊಳ್ಳುವುದು ಅದರ ಮಂಡಲಸಿದ್ಧಾಂತವನ್ನು ಮಾತ್ರ: ನೆರೆಯವನು ಅರಿ, ನೆರೆಯವನ ನೆರೆಯವನು ಮಿತ್ರ, ಹೀಗೆ ಹನ್ನೆರಡು ರಾಜರ ವರ್ತುಲ. ನನಗಾದರೋ ಅದಕ್ಕಿಂತ ಆಳವಾಗಿ ತೋರುವುದು ರಾಜ್ಯದ ಏಳು ಅಂಗಗಳ ಎಣಿಕೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ. ಈ ಆರೂ ಎಲ್ಲೆಯ ಒಳಗಿನವು. ಏಳನೆಯದು ಮಿತ್ರ; ಅವನಿರುವುದು ಎಲ್ಲೆಯ ಹೊರಗೆ. ತನ್ನ ಒಂದು ಅಂಗವು ಪರರ ಮನೆಯಲ್ಲಿರುವ ದೇಹವು ತನ್ನಷ್ಟಕ್ಕೆ ತಾನೇ ಪೂರ್ಣವಾಗುವುದು ಹೇಗೆ? ವೆಸ್ಟ್‌ಫಾಲಿಯದ ಹೆಸರಿನಲ್ಲಿ ನಡೆಯುವ ಸಿದ್ಧಾಂತವು ಈ ಏಳನೆಯ ಅಂಗವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ನನ್ನ ಮತ.

ಅಂಗವೈಕಲ್ಯದ ಫಲವನ್ನು ಉಕ್ರೇನ್ ದೇಶವು ಅನುಭವಿಸಿತು. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ಸುಮಾರು 1,900 ದೂರಗಾಮಿ ಅಣ್ವಸ್ತ್ರಗಳು ಆ ನೆಲದಲ್ಲಿ ಉಳಿದಿದ್ದವು. ಅವನ್ನು ಪ್ರಯೋಗಿಸುವ ಕೀಲಿಯು ಮಾಸ್ಕೋವಿನಲ್ಲಿದ್ದುದು ನಿಜ. ಆದರೂ ವಸ್ತುವು ಕೈಯಲ್ಲಿತ್ತಷ್ಟೆ. 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟ್ ನಗರದಲ್ಲಿ ರಷ್ಯ, ಅಮೆರಿಕ, ಬ್ರಿಟನ್ ಈ ಮೂವರೂ ಉಕ್ರೇನಿನ ಸ್ವಾತಂತ್ರ್ಯವನ್ನೂ ಎಲ್ಲೆಗಳನ್ನೂ ಗೌರವಿಸುವುದಾಗಿ ಬರೆದುಕೊಟ್ಟರು. ಅಸ್ತ್ರಗಳು 1996ರೊಳಗಾಗಿ ರಷ್ಯಕ್ಕೆ ಸಾಗಿದವು. ಆ ಪತ್ರದ ಇಂಗ್ಲಿಷ್ ಪಾಠದಲ್ಲಿ ಇದ್ದುದು ‘ಆಶ್ವಾಸನ’ವೆಂಬ ಅರ್ಥದ ಮಾತೇ ಹೊರತು ‘ಜಾಮೀನು’ ಎಂಬ ಅರ್ಥದ್ದಲ್ಲ. 2014ರಲ್ಲಿ ಕ್ರಿಮಿಯಾ ಹೋಯಿತು. 2022ರ ಫೆಬ್ರವರಿ 24ರಂದು ರಷ್ಯದ ಸೈನ್ಯವು ನಾನಾ ದಿಕ್ಕುಗಳಿಂದ ನುಗ್ಗಿತು. ಮರುದಿನ ಭದ್ರತಾ ಮಂಡಳಿಯಲ್ಲಿ ಹನ್ನೊಂದು ಸದಸ್ಯರು ಖಂಡನೆಯ ನಿರ್ಣಯಕ್ಕೆ ಕೈಯೆತ್ತಿದರು. ಭಾರತ, ಚೀನ, ಅರಬ್ ಎಮಿರೇಟುಗಳು ತಟಸ್ಥವಾಗಿದ್ದವು. ರಷ್ಯದ ಒಂದು ನಿಷೇಧದಿಂದ ನಿರ್ಣಯವು ಬಿದ್ದುಹೋಯಿತು. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ರಾಷ್ಟ್ರಗಳು ಖಂಡಿಸಿದವು. ಮತಗಳನ್ನು ಎಣಿಸಿದರು, ಯುದ್ಧವು ನಡೆಯುತ್ತಲೇ ಹೋಯಿತು.

ಇದನ್ನು ನೋಡಿ ಕಲಿತವರು ಅದರ ನೆರೆಯವರು. ರಷ್ಯದೊಡನೆ ಸುಮಾರು 1,340 ಕಿಲೋಮೀಟರು ಗಡಿಯುಳ್ಳ ಫಿನ್‌ಲೆಂಡ್ 2023ರ ಏಪ್ರಿಲಿನಲ್ಲಿ ನೇಟೊ ಒಕ್ಕೂಟವನ್ನು ಸೇರಿತು. ಇನ್ನೂರು ವರ್ಷಗಳಿಂದ ಯಾವ ಯುದ್ಧದಲ್ಲಿಯೂ ಸೇರದಿದ್ದ ಸ್ವೀಡನ್ 2024ರ ಮಾರ್ಚಿನಲ್ಲಿ ಸೇರಿತು. ಕೌಟಿಲ್ಯನ ಆರು ಗುಣಗಳಲ್ಲಿ ಸುಮ್ಮನೆ ಕುಳಿತಿರುವುದು ಆಸನ, ಬಲವಂತನನ್ನು ಆಶ್ರಯಿಸುವುದು ಸಂಶ್ರಯ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆನ್ನಬೇಕು. ಅದಕ್ಕೆ ತೆತ್ತ ಬೆಲೆಯೂ ಉಂಟು: ಒಕ್ಕೂಟದಲ್ಲಿ ಒಬ್ಬನ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೂ ಬಿದ್ದಂತೆ ಎಂದು ಒಪ್ಪಿದ ಮೇಲೆ, ಯುದ್ಧಶಾಂತಿಗಳ ನಿರ್ಣಯವು ಪೂರ್ಣವಾಗಿ ತನ್ನ ಕೈಯಲ್ಲಿ ಉಳಿಯುವುದಿಲ್ಲ. ಸಾರ್ವಭೌಮತ್ವವನ್ನು ಉಳಿಸಿಕೊಳ್ಳುವುದಕ್ಕೆಂದು ಅದರಲ್ಲಿಯೇ ಒಂದು ಪಾಲನ್ನು ಅಡವಿಟ್ಟಂತಾಯಿತು.

ಆಶ್ವಾಸನ, ಜಾಮೀನು ಇವುಗಳ ತಾರತಮ್ಯವನ್ನು ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಚರ್ಚಿಸಿದೆ. ಸತ್ಯವಚನ ಶಪಥಗಳಿಂದ ಮಾಡಿದ ಸಂಧಿ ಚಲವೆಂದೂ, ಹೊಣೆಗಾರನನ್ನೋ ಒತ್ತೆಯಾಳನ್ನೋ ಪಡೆದು ಮಾಡಿದ ಸಂಧಿ ಸ್ಥಾವರವೆಂದೂ ಹಿಂದಿನ ಆಚಾರ್ಯರ ಮತ. ಕುಟಿಲನೆಂದು ಹೆಸರಾದ ಕೌಟಿಲ್ಯನು ಅದನ್ನು ಒಪ್ಪುವನೆಂದೇ ನಾವು ಊಹಿಸುವೆವು. ಅವನು ಒಪ್ಪುವುದಿಲ್ಲ! ಸತ್ಯಶಪಥಗಳ ಸಂಧಿಯೇ ಇಹಪರಗಳೆರಡರಲ್ಲಿಯೂ ಸ್ಥಿರವಾದದ್ದು. ಹೊಣೆಯೂ ಒತ್ತೆಯೂ ಇಹಕ್ಕೆ ಮಾತ್ರ, ಅವು ಬಲವನ್ನು ನೆಚ್ಚಿಕೊಂಡಿರುವುವು ಎನ್ನುತ್ತಾನೆ. ಅಂದಿನ ಅರಸರು ಅಗ್ನಿಯನ್ನೋ ಜಲವನ್ನೋ ಮುಟ್ಟಿ ಶಪಥಮಾಡುತ್ತಿದ್ದರು. ತಪ್ಪಿದರೆ ಅವು ತಮ್ಮನ್ನು ಬಿಟ್ಟುಹೋಗುವುವೆಂಬ ಭಯವು ಅವರಿಗಿತ್ತು. ಬುಡಾಪೆಸ್ಟಿನ ಮೇಜಿನ ಮೇಲೆ ಅಂಥದೇನೂ ಇರಲಿಲ್ಲ. 2022ರಿಂದೀಚೆಗೆ ಸಂಧಾನದ ಮಾತು ಎದ್ದಾಗಲೆಲ್ಲ ಉಕ್ರೇನಿನವರು ಕೇಳುತ್ತ ಬಂದಿರುವುದು ಹೊಣೆಯನ್ನೇ: ಮತ್ತೆ ದಂಡು ಬಂದರೆ ಯಾರು ಬರುವರು, ಎಷ್ಟು ಸೈನ್ಯದೊಡನೆ, ಎಷ್ಟು ದಿನಗಳೊಳಗೆ ಎಂದು.